ಮೊದಲು ಲೆಕ್ಕ, ಆಮೇಲೆ ಆಹಾರದ ಚೀಲ: ಸಣ್ಣ ನಾಯಿ ಆಶ್ರಯಕ್ಕೆ ಹೆಗಲು ಕೊಡುವ ಬಗೆ

ಕಷ್ಟದಲ್ಲಿರುವ ನಾಯಿ ಆಶ್ರಯಕ್ಕೆ ಸಹಾಯ ಮಾಡಬೇಕೆಂದಾಗ ಹೆಚ್ಚಿನವರಿಗೆ ನೆನಪಾಗುವುದು ಆಹಾರದ ಚೀಲ, ಹಳೆಯ ಬೆಡ್‌ಶೀಟು. ಎರಡೂ ಬೇಕು. ಆದರೆ ನಾನು ಮೊದಲ ದಿನ ಒಯ್ಯುವುದು ಒಂದು ನೋಟ್‌ಬುಕ್. ಅದರಲ್ಲಿ ಮೂರು ಸಂಖ್ಯೆ ಬರೆದುಕೊಳ್ಳುತ್ತೇನೆ: ಈಗ ಎಷ್ಟು ನಾಯಿಗಳಿವೆ, ತಿಂಗಳಿಗೆ ಎಷ್ಟು ಹೊಸ ಮನೆ ಸೇರುತ್ತಿವೆ, ದಿನಕ್ಕೆ ಎಷ್ಟು ಕೈಗಳು ಎಷ್ಟು ಗಂಟೆ ಕೆಲಸಕ್ಕೆ ಸಿಗುತ್ತವೆ. ಸಣ್ಣ ಆಶ್ರಯ ಮುಳುಗುವುದು ಪ್ರೀತಿ ಸಾಲದೆ ಅಲ್ಲ, ಒಳಗೆ ಬರುವ ನಾಯಿಗಳು ಹೊರಗೆ ಹೋಗುವ ನಾಯಿಗಳಿಗಿಂತ ಹೆಚ್ಚಾಗಿ. ಯಾವ ಸಹಾಯ ಮಾಡಿದರೂ ಅದು ಈ ಮೂರು ಸಂಖ್ಯೆಗಳಲ್ಲಿ ಒಂದನ್ನಾದರೂ ಸರಿದಿಕ್ಕಿಗೆ ತಳ್ಳಬೇಕು.

24 ನಾಯಿಗಳಿದ್ದು ತಿಂಗಳಿಗೆ 4 ದತ್ತು ಹೋಗುತ್ತಿವೆ ಎಂದುಕೊಳ್ಳಿ. ಹಾಗಾದರೆ ಒಂದು ನಾಯಿ ಅಲ್ಲಿ ಸರಾಸರಿ 6 ತಿಂಗಳು ಇರುತ್ತದೆ. ಅದನ್ನು 3 ತಿಂಗಳಿಗೆ ಇಳಿಸಿದರೆ ಅದೇ 24 ಗೂಡುಗಳಲ್ಲಿ ತಿಂಗಳಿಗೆ 8 ನಾಯಿಗಳಿಗೆ ಜಾಗ ಸಿಗುತ್ತದೆ. ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಿಲ್ಲ. ಆದ್ದರಿಂದ ಹೊಸ ಶೆಡ್ ಕಟ್ಟಲು ದೇಣಿಗೆ ಎತ್ತೋಣ ಎಂಬ ಮಾತು ಬಂದಾಗಲೆಲ್ಲ ಈ ಲೆಕ್ಕವನ್ನೇ ಮುಂದಿಡುತ್ತೇನೆ. ಹೊರಹರಿವು ಹೆಚ್ಚಿಸದೆ ಶೆಡ್ ಕಟ್ಟಿದರೆ ಅದೂ ಬೇಗನೆ ತುಂಬುತ್ತದೆ, ಜೊತೆಗೆ ಸಾಲವೂ ಉಳಿಯುತ್ತದೆ.

ಕೈಗಳ ಲೆಕ್ಕವೂ ಅಷ್ಟೇ ನಿಷ್ಠುರ. ಪ್ರಾಣಿ ಆಶ್ರಯಗಳ ಕೆಲಸದಲ್ಲಿ ಬಹುಕಾಲದಿಂದ ಬಳಸುವ ಕನಿಷ್ಠ ಅಳತೆ ಪ್ರತಿ ಪ್ರಾಣಿಗೆ ದಿನಕ್ಕೆ 15 ನಿಮಿಷ: 9 ನಿಮಿಷ ಸ್ವಚ್ಛತೆಗೆ, 6 ನಿಮಿಷ ಊಟ-ನೀರಿಗೆ. 24 ನಾಯಿಗಳಿಗೆ 6 ಗಂಟೆ. ಔಷಧಿ ಕೊಡುವುದು, ನಡೆಸುವುದು, ಫೋನು, ವೈದ್ಯರ ಬಳಿ ಓಡಾಟ ಇವೆಲ್ಲ ಇದರ ಹೊರಗೆ. ಎಲ್ಲವನ್ನೂ ಒಬ್ಬರೇ ಹೊತ್ತಿದ್ದರೆ ಕತ್ತರಿ ಬೀಳುವುದು ಸ್ವಚ್ಛತೆಗೆ. ರೋಗ ಒಳನುಗ್ಗುವುದೂ ಅಲ್ಲಿಂದಲೇ. ವಾರಕ್ಕೊಮ್ಮೆ ಬಂದು ನಾಯಿಗಳನ್ನು ಮುದ್ದಿಸಿ ಹೋಗುವುದು ನಾಯಿಗಳಿಗೂ ಹಿತ, ಬೇಡವೆನ್ನುವುದಿಲ್ಲ. ಆದರೆ ‘ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 7ರಿಂದ 9, ಗೂಡು ತೊಳೆಯುವುದು ನನ್ನದು’ ಎಂದು ಬರೆದುಕೊಟ್ಟು, ಮಳೆ ಬಂದರೂ ಹೋಗುವವರು ಆಶ್ರಯದ ಬೆನ್ನೆಲುಬು.

ತೊಳೆಯುವುದರ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಮರಿಗಳು ಸಾಯುವುದು ಇಲ್ಲಿ ಆಗುವ ತಪ್ಪಿನಿಂದ. ಮರಿಗಳಿಗೆ ವಾಂತಿ, ರಕ್ತಭೇದಿ ತಂದು ಕೊಲ್ಲುವ ಪಾರ್ವೊ ವೈರಾಣುವಿಗೆ, ಸೋಪು ಕರಗಿಸಬಲ್ಲಂಥ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಸೋಪು, ಆಲ್ಕೊಹಾಲ್ ಸ್ಯಾನಿಟೈಸರ್, ನೆಲ ಒರೆಸುವ ಪರಿಮಳದ ದ್ರವ ಯಾವುದನ್ನೂ ನಂಬುವಂತಿಲ್ಲ. ಮಣ್ಣಿನಲ್ಲಿ, ನೆರಳಿನ ಮೂಲೆಯಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಸುಲಭವಾಗಿ ಸಿಗುವ, ಕೆಲಸ ಮಾಡುವ ವಸ್ತು ಬ್ಲೀಚ್. ಶೇ 5ರಿಂದ 6ರಷ್ಟು ಸೋಡಿಯಂ ಹೈಪೊಕ್ಲೋರೈಟ್ ಇರುವ ದ್ರವವಾದರೆ 1 ಲೀಟರ್ ನೀರಿಗೆ 30 ಮಿಲಿ. ಬಾಟಲಿಯ ಮೇಲೆ ಶೇ 4 ಎಂದಿದ್ದರೆ 40 ಮಿಲಿ. ನೆಲ ಪೂರ್ತಿ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಬಿಸಿಲಿಗೆ 4 ನಿಮಿಷಕ್ಕೆ ಒಣಗಿದರೆ ಮತ್ತೆ ಸುರಿಯಬೇಕು.

ಎಲ್ಲರೂ ಎಡವುವುದು ಕ್ರಮದಲ್ಲಿ. ಮಲ, ಮೂತ್ರ, ಅನ್ನದ ಅಗುಳು ಇರುವ ನೆಲದ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಆ ಕೊಳೆಯೇ ಬ್ಲೀಚಿನ ಬಲವನ್ನೆಲ್ಲ ನುಂಗಿಬಿಡುತ್ತದೆ, ಮೂತ್ರದ ಅಮೋನಿಯಾ ಸೇರಿ ಕಣ್ಣು, ಗಂಟಲು ಉರಿಸುವ ಹೊಗೆಯೂ ಏಳುತ್ತದೆ. ಮೊದಲು ನಾಯಿಯನ್ನು ಹೊರಗೆ ಕಟ್ಟಿ, ಮಲ ಎತ್ತಿ, ಡಿಟರ್ಜೆಂಟ್ ಹಾಕಿ ಉಜ್ಜಿ, ನೀರಿನಿಂದ ತೊಳೆಯಿರಿ. ಆಮೇಲೆ ಬ್ಲೀಚ್, 10 ನಿಮಿಷ, ಮತ್ತೆ ನೀರು. ಒಣಗಿದ ಮೇಲೆ ನಾಯಿ ಒಳಗೆ. ಮಲ ಎತ್ತದೆ ಪೈಪಿನ ರಭಸದ ನೀರು ಬಿಟ್ಟರೆ ವೈರಾಣು ಗೋಡೆಗೆ, ಪಕ್ಕದ ಗೂಡಿಗೆ ಸಿಡಿಯುತ್ತದೆ. ಬೆರೆಸಿದ ಬ್ಲೀಚ್ ನೀರು ಮರುದಿನಕ್ಕೆ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ದಿನವೂ ಹೊಸದಾಗಿ ಬೆರೆಸಬೇಕು. ಶೌಚಾಲಯ ತೊಳೆಯುವ ಆಸಿಡ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಕೆಲಸ ಸಾಗಬೇಕಾದ ದಿಕ್ಕೂ ಮುಖ್ಯ. ಆರೋಗ್ಯವಂತ ಮರಿಗಳ ಗೂಡಿನಿಂದ ಶುರುಮಾಡಿ, ನಂತರ ದೊಡ್ಡ ನಾಯಿಗಳು, ಆಮೇಲೆ ಹೊಸದಾಗಿ ಬಂದವು, ಕಟ್ಟಕಡೆಗೆ ಕಾಯಿಲೆಯವು. ಹಿಂದಕ್ಕೆ ಬರುವಂತಿಲ್ಲ. ಬಾಗಿಲಲ್ಲಿ ಬ್ಲೀಚ್ ನೀರಿನ ತಟ್ಟೆ ಇಟ್ಟು ಕಾಲದ್ದಿ ಹೋಗುವುದನ್ನು ನಾನು ಬಿಟ್ಟಿದ್ದೇನೆ. ಮಣ್ಣು ಮೆತ್ತಿದ ಚಪ್ಪಲಿ ಎರಡು ಕ್ಷಣ ಅದ್ದಿದರೆ ಶುದ್ಧವಾಗುವುದಿಲ್ಲ, ಸುಮ್ಮನೆ ಧೈರ್ಯ ಬರುತ್ತದೆ ಅಷ್ಟೇ. ಪ್ರತ್ಯೇಕ ಕೋಣೆಗೆ ಪ್ರತ್ಯೇಕ ರಬ್ಬರ್ ಬೂಟು, ಪ್ರತ್ಯೇಕ ಪೊರಕೆ, ಬೇರೆ ಬಣ್ಣದ ಬಕೆಟ್. ದೇಣಿಗೆ ಏನು ಕೊಡಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದೇ ಇವನ್ನು.

ಹೊಸ ನಾಯಿ ಬಂದರೆ 14 ದಿನ ಬೇರೆ. ಪಾರ್ವೊ ಸಾಮಾನ್ಯವಾಗಿ ಸೋಂಕು ತಗುಲಿದ 3ರಿಂದ 7 ದಿನಗಳಲ್ಲಿ, ಕೆಲವೊಮ್ಮೆ ಎರಡು ವಾರಕ್ಕೂ ತೋರುತ್ತದೆ. ಉಸಿರಾಟ, ನರಗಳಿಗೆ ತಗಲುವ ಇನ್ನೊಂದು ವೈರಾಣು ರೋಗ ಡಿಸ್ಟೆಂಪರ್ ಅದಕ್ಕಿಂತಲೂ ನಿಧಾನ. ಜಾಗವಿಲ್ಲದ ಆಶ್ರಯಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ ಎಂದರೆ, ನಾಯಿಯೇ ಇಲ್ಲದ ನಿಮ್ಮ ಮನೆಯ ಒಂದು ಸ್ನಾನದ ಕೋಣೆಯನ್ನೋ ಸಿಮೆಂಟು ನೆಲದ ವರಾಂಡವನ್ನೋ ಈ 14 ದಿನಗಳಿಗೆ ಬಿಟ್ಟುಕೊಡುವುದು. ಹುಲ್ಲು, ಮಣ್ಣಿನ ಅಂಗಳ ಬೇಡ, ಅದನ್ನು ಶುದ್ಧಮಾಡುವ ದಾರಿಯೇ ಇಲ್ಲ.

ಲಸಿಕೆ ನಾಯಿ ಒಳಗೆ ಬಂದ ದಿನವೇ ಬೀಳಬೇಕು, ವಾರ ಕಾಯಬಾರದು. ಆಶ್ರಯದಲ್ಲಿರುವ ಮರಿಗಳಿಗೆ 4ರಿಂದ 6 ವಾರದ ವಯಸ್ಸಿಗೇ ಶುರುಮಾಡಿ, 2 ವಾರಕ್ಕೊಮ್ಮೆ, 16 ವಾರ ದಾಟುವವರೆಗೆ ಮುಂದುವರಿಸುತ್ತಾರೆ. ಇಷ್ಟೊಂದು ಸಲ ಯಾಕೆ ಎಂದು ದಾನಿಗಳು ಕೇಳುತ್ತಾರೆ. ತಾಯಿಯಿಂದ ಬಂದ ರಕ್ಷಣೆ ಮರಿಯ ದೇಹದಲ್ಲಿರುವಷ್ಟು ದಿನ ಲಸಿಕೆಯನ್ನೂ ತಡೆಯುತ್ತದೆ, ಅದು ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಹಾಕಬೇಕು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಸಾಗಿಸುವಾಗ ಐಸ್‌ಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಕೆಡಬಹುದು. ನಡುವೆ ದಪ್ಪ ಬಟ್ಟೆ ಇಡಿ. ಫ್ರಿಜ್ಜಿನ ಬಾಗಿಲಲ್ಲಂತೂ ಬೇಡ. ಫ್ರಿಜ್ಜಿಗೊಂದು ಥರ್ಮಾಮೀಟರ್ ಕೊಡಿಸುವುದು ಸಣ್ಣ ಖರ್ಚು, ಉಳಿಸುವುದು ಮಾತ್ರ ಬಹಳ. ಮರಿಗಳ ಜಂತು ಔಷಧಿ 2, 4, 6, 8 ವಾರಗಳಲ್ಲಿ, ತೂಕ ನೋಡಿಯೇ. ಆದ್ದರಿಂದ ಒಂದು ಒಳ್ಳೆಯ ತಕ್ಕಡಿ ಬೇಕು.

ಈಗ ಆಹಾರ. ಚೀಲ ಕೊಡುವ ಮುನ್ನ ಎಷ್ಟು ಬೇಕೆಂದು ತಿಳಿದರೆ ಆಶ್ರಯದವರ ಅರ್ಧ ಚಿಂತೆ ಇಳಿಯುತ್ತದೆ. ನಾಯಿಯ ತೂಕವನ್ನು 30ರಿಂದ ಗುಣಿಸಿ 70 ಸೇರಿಸಿದರೆ ವಿಶ್ರಾಂತಿಯಲ್ಲಿ ಬೇಕಾಗುವ ಕಿಲೋಕ್ಯಾಲೊರಿ ಸಿಗುತ್ತದೆ. 15 ಕಿಲೋ ನಾಯಿಗೆ 520. ಸಂತಾನಹರಣ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಎಂದರೆ ಸುಮಾರು 830. ಒಣ ಆಹಾರದಲ್ಲಿ 100 ಗ್ರಾಂಗೆ 350 ಕಿಲೋಕ್ಯಾಲೊರಿ ಇದ್ದರೆ ದಿನಕ್ಕೆ 240 ಗ್ರಾಂ. ಅಂಥ 24 ನಾಯಿಗಳಿಗೆ ದಿನಕ್ಕೆ ಹತ್ತಿರಹತ್ತಿರ 5.8 ಕಿಲೋ, ತಿಂಗಳಿಗೆ 173 ಕಿಲೋ. ಬೆಳೆಯುವ ಮರಿಗಳಿಗೆ, ಹಾಲೂಡುವ ತಾಯಿಗೆ ಇದಕ್ಕಿಂತ ಬಹಳ ಹೆಚ್ಚು. ಈ ಸಂಖ್ಯೆ ಗೋಡೆಯ ಮೇಲಿದ್ದರೆ ‘ಏನಾದರೂ ಕೊಡಿ’ ಎಂದು ಕೇಳುವ ಬದಲು ‘ಈ ತಿಂಗಳು 60 ಕಿಲೋ ಕಡಿಮೆ ಬಿದ್ದಿದೆ’ ಎಂದು ಕೇಳಬಹುದು. ಜನ ಸ್ಪಂದಿಸುವುದು ಈ ಎರಡನೆಯ ಮಾತಿಗೆ.

ದಾನವಾಗಿ ಬಂದ ಹತ್ತು ಬಗೆಯ ಆಹಾರವನ್ನು ದಿನಕ್ಕೊಂದರಂತೆ ಹಾಕಿದರೆ ಇಡೀ ಆಶ್ರಯಕ್ಕೆ ಭೇದಿ ಶುರುವಾಗುತ್ತದೆ. ಆಗ ಅದು ಆಹಾರದ ಭೇದಿಯೋ ಪಾರ್ವೊ ಲಕ್ಷಣವೋ ಎಂದು ಗೊತ್ತಾಗದೆ ಪರೀಕ್ಷೆಗೆ ಹಣ ಸುರಿಯಬೇಕು. ನಾನು ದಾನಿಗಳಿಗೆ ಒಂದೇ ಬಗೆಯನ್ನು ಹೇಳುತ್ತೇನೆ. ಬೇರೆಯದು ಬಂದರೆ 7 ದಿನದಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಿ ಬದಲಿಸುತ್ತೇವೆ. ಚೀಲದಿಂದ ಡಬ್ಬಕ್ಕೆ ಸುರಿಯುವುದಿಲ್ಲ, ಚೀಲದ ಸಮೇತ ಡಬ್ಬದೊಳಗೆ ಇಡುತ್ತೇವೆ. ಡಬ್ಬದ ಗೋಡೆಗೆ ಅಂಟಿದ ಹಳೆಯ ಕೊಬ್ಬು ಕಮಟಾಗಿ ಹೊಸದನ್ನೂ ಕೆಡಿಸುತ್ತದೆ, ತಯಾರಿಕೆಯ ಬ್ಯಾಚ್ ಸಂಖ್ಯೆಯೂ ಚೀಲದ ಮೇಲೇ ಇರುತ್ತದೆ.

ಎಲುಬು ಕಾಣುವಷ್ಟು ಬಡಕಲಾದ ನಾಯಿ ಬಂದಾಗ ಕರುಳು ಚುರ್ ಎನ್ನುತ್ತದೆ, ಬಟ್ಟಲು ತುಂಬ ಹಾಕಬೇಕೆನಿಸುತ್ತದೆ. ಹಾಕಬಾರದು. ದಿನಗಟ್ಟಲೆ ಉಪವಾಸವಿದ್ದ ದೇಹಕ್ಕೆ ಏಕಾಏಕಿ ಆಹಾರ ಸಿಕ್ಕರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಜೀವಕೋಶಗಳೊಳಗೆ ಸೇರಿಕೊಂಡು ರಕ್ತದಲ್ಲಿ ಕುಸಿಯುತ್ತವೆ, ಹೃದಯ ನಿಲ್ಲಬಹುದು. 12 ಕಿಲೋ ನಾಯಿಗೆ ವಿಶ್ರಾಂತಿಯ ಲೆಕ್ಕ 430 ಕಿಲೋಕ್ಯಾಲೊರಿ. ಮೊದಲ ದಿನ ಅದರ ಕಾಲುಭಾಗ, ಎಂದರೆ ಬರೀ 30 ಗ್ರಾಂ ಒಣ ಆಹಾರ, ನೆನೆಸಿ ನಾಲ್ಕು ಸಲ ಹಂಚಿ. ಎರಡನೆಯ ದಿನ ಅರ್ಧ, ಮೂರನೆಯ ದಿನ ಮುಕ್ಕಾಲು, ನಾಲ್ಕನೆಯ ದಿನ ಪೂರ್ತಿ. ತೀರಾ ಸೊರಗಿದ್ದರೆ ಇನ್ನೂ ನಿಧಾನವಾಗಿ, ಪಶುವೈದ್ಯರ ಕಣ್ಗಾವಲಿನಲ್ಲಿ.

ಬಟ್ಟೆಗಳ ಬಗ್ಗೆ ಒಂದೇ ಮಾತು: ಟವೆಲ್ಲು, ಬೆಡ್‌ಶೀಟು ಸರಿ. ಹತ್ತಿ ತುಂಬಿದ ದಿಂಬು, ರಜಾಯಿ ಬೇಡ. ಬೇಸರಗೊಂಡ ನಾಯಿ ಅದನ್ನು ಹರಿದು ನುಂಗುತ್ತದೆ, ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಮನೆಯಲ್ಲಿ ಉಳಿದ ಮಾತ್ರೆಗಳನ್ನೂ ತರಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಲ್ಲವು.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕಾಲು ಮುರಿದ ನಾಯಿಯ ಫೋಟೊಗೆ ದೇಣಿಗೆ ಹರಿದುಬರುತ್ತದೆ. ನೀರು, ವಿದ್ಯುತ್, ಕಸ ಸಾಗಣೆ, ಸಹಾಯಕರ ಸಂಬಳಕ್ಕೆ ಯಾರೂ ಕೊಡುವುದಿಲ್ಲ. ಆಶ್ರಯಗಳು ಬಾಗಿಲು ಹಾಕುವುದು ಈ ಎರಡನೆಯ ಪಟ್ಟಿಯಿಂದ. ಆದ್ದರಿಂದ ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ತಿಂಗಳು ಅದೇ ದಿನ ಸಣ್ಣ ಮೊತ್ತ, ‘ಯಾವುದಕ್ಕೆ ಬೇಕೋ ಬಳಸಿ’ ಎಂಬ ಒಕ್ಕಣೆಯ ಜೊತೆಗೆ. ಆಸ್ಪತ್ರೆಯಲ್ಲಿ ಬಾಕಿ ಇದ್ದರೆ ಬಿಲ್ ನೋಡಿ ಅಲ್ಲಿಗೇ ನೇರವಾಗಿ ಕಟ್ಟಬಹುದು. ಬಾಕಿ ತೀರಿದರೆ ಮುಂದಿನ ತುರ್ತಿಗೆ ಬಾಗಿಲು ತೆರೆದಿರುತ್ತದೆ. ಆಶ್ರಯದ ಹಣ ಸ್ಥಾಪಕರ ಸ್ವಂತ ಖಾತೆಯಲ್ಲಿದ್ದರೆ ಪ್ರತ್ಯೇಕ ಖಾತೆ, ಇಬ್ಬರ ಸಹಿ, ತಿಂಗಳಿಗೊಂದು ಪುಟದ ಜಮಾ-ಖರ್ಚು ಮಾಡಿಕೊಡಿ. ಲೆಕ್ಕಪತ್ರ ಬಲ್ಲವರು ತಿಂಗಳಿಗೆ ಮೂರು ಗಂಟೆ ಕೊಟ್ಟರೆ ಇದು ಆಗುತ್ತದೆ. ಪ್ರಾಮಾಣಿಕರ ಮೇಲೂ ಅನುಮಾನ ಬೀಳುವುದು ಕಾಗದ ಇಲ್ಲದಾಗ.

ಫೋನನ್ನೂ ಹಂಚಿಕೊಳ್ಳಿ. ದಿನವಿಡೀ ‘ಒಂದು ನಾಯಿ ಇದೆ, ಬಂದು ಒಯ್ಯಿರಿ’ ಎಂಬ ಕರೆಗಳು. ಸ್ಥಾಪಕರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಗೂಡುಗಳು ತುಂಬಿ ತುಳುಕುತ್ತವೆ. ಸಂಜೆ ಎರಡು ಗಂಟೆ ಕರೆಗಳನ್ನು ನೀವು ತೆಗೆದುಕೊಂಡು ಮೊದಲು ಕೇಳಬೇಕಾದ ಪ್ರಶ್ನೆ: ನಾಯಿ ಈಗಿರುವಲ್ಲೇ ಉಳಿಯಲು ಏನು ಬೇಕು? ಎಷ್ಟೋ ಸಲ ಅದು ಒಂದು ಲಸಿಕೆ, ಒಂದು ಚೀಲ ಆಹಾರ, ಸಂತಾನಹರಣಕ್ಕೆ ಒಂದು ದಿನಾಂಕ. ಅಷ್ಟು ಕೊಟ್ಟರೆ ಒಂದು ಗೂಡು ಉಳಿಯಿತು.

ದತ್ತು ಹೆಚ್ಚಿಸುವ ಕೆಲಸದಲ್ಲಿ ಫೋಟೊ ಮುಖ್ಯ: ಸರಳಿನ ಹಿಂದಿನಿಂದಲ್ಲ, ಹೊರಗೆ, ಬೆಳಗಿನ ಬೆಳಕಿನಲ್ಲಿ, ನಾಯಿಯ ಕಣ್ಣಿನ ಮಟ್ಟಕ್ಕೆ ಕುಳಿತು. ವಿವರಣೆಯಲ್ಲಿ ಕೊರತೆಯನ್ನೂ ಬರೆಯಿರಿ. ‘ಬೆಕ್ಕಿರುವ ಮನೆಗೆ ಬೇಡ’ ಎಂಬ ಒಂದು ಸಾಲು ಒಂದು ವಾಪಸಾತಿಯನ್ನು ತಪ್ಪಿಸುತ್ತದೆ. ಸಂತಾನಹರಣ ಆಗದೆ ಒಪ್ಪಿಸಬೇಡಿ. ಗರ್ಭ ಕೇವಲ 63 ದಿನ, ‘ಆಮೇಲೆ ಮಾಡಿಸುತ್ತೇವೆ’ ಎಂಬ ಮಾತಿಗಿಂತ ಅದು ವೇಗ. ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಗೆ ಹೊಸ ಮನೆಯವರ ಫೋನ್ ನಂಬರು ನೋಂದಾಯಿಸಿದ್ದನ್ನು ಕಣ್ಣಾರೆ ನೋಡಿ. ನಾಯಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚಿರುವುದು ಮೊದಲ ಕೆಲವು ದಿನ, ಕಾರಿನ ಬಾಗಿಲು ತೆರೆಯುವ ಹೊತ್ತಿನಲ್ಲಿ. ಕೊರಳಿಗೊಂದು, ಎದೆಪಟ್ಟಿಗೊಂದು ಹೀಗೆ ಎರಡು ಹಗ್ಗ ಹಾಕಿ ಕಳಿಸಿ. ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು ಕರೆ ಮಾಡುವುದನ್ನು ಒಬ್ಬರ ಹೆಸರಿಗೇ ಬರೆದಿಡಿ.

ನಾಯಿ ಮುಟ್ಟುವ ಪ್ರತಿಯೊಬ್ಬ ಕಾರ್ಯಕರ್ತರೂ ರೇಬೀಸ್ ಮುಂಜಾಗ್ರತಾ ಲಸಿಕೆ ಪಡೆದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಅದು 0 ಮತ್ತು 7ನೆಯ ದಿನ. ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ ಗಾಯವನ್ನು 15 ನಿಮಿಷ ತೊಳೆದು ವೈದ್ಯರ ಬಳಿಗೆ, ಹಿಂದೆ ಲಸಿಕೆ ಆಗಿದ್ದರೂ.

ಇನ್ನು, ಯಾವತ್ತಾದರೂ ಬಿಡಬೇಕಾಗಿ ಬಂದರೆ ಒಂದು ತಿಂಗಳು ಮೊದಲೇ ಬರೆದು ತಿಳಿಸಿ. ನಿಮ್ಮ ಸರದಿಯ ಕೆಲಸವನ್ನು ಹಂತಹಂತವಾಗಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಬಕೆಟ್ಟಿನ ಬಣ್ಣ, ಬ್ಲೀಚಿನ ಅಳತೆ, ಯಾವ ನಾಯಿ ಬಾಗಿಲು ತೆರೆದೊಡನೆ ನುಗ್ಗುತ್ತದೆ, ಯಾವುದು ಕಾಲು ಮುಟ್ಟಿದರೆ ಗುರುಗುಟ್ಟುತ್ತದೆ. ನಿಮ್ಮ ಜಾಗಕ್ಕೆ ಬಂದವರ ಜೊತೆ ಎರಡು ಸಲ ನಿಂತು ತೊಳೆದು ತೋರಿಸಿ, ಆಮೇಲೆ ಕೀಲಿಕೈ ಕೊಡಿ.