ಹಳೇ ಟ್ರೇಲರ್‌ನ ಡೀಸೆಲ್ ಲೈನಿನಲ್ಲಿ ಏರ್: ನಾನು ಸರಿ ಮಾಡಿದ್ದು ಹೀಗೆ

ನನ್ನದು ಒಂದೇ ಗಾಡಿ, ಓನರ್ ಕಮ್ ಡ್ರೈವರ್ ನಾನೇ. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಕಂಟೇನರ್ ಎಳೆಯುವ ಹಳೇ ಟ್ರೇಲರ್, ಮೆಕ್ಯಾನಿಕಲ್ ಪಂಪಿನ ಇಂಜಿನ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಕೈಪಂಪ್ ಒತ್ತಿ ಒತ್ತಿ ಏರ್ ತೆಗೆಯಬೇಕಿತ್ತು. ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಪೂರ್ತಿ ಬಿದ್ದುಹೋಗುತ್ತಿತ್ತು.

ಗ್ಯಾರೇಜಿನಲ್ಲಿ ಇಂಜಿನ್ನಿನ ಡೀಸೆಲ್ ಪಂಪನ್ನೇ ಬಿಚ್ಚಿಸಿ ಎಂದರು. ಅದು ದೊಡ್ಡ ಖರ್ಚು, ಗಾಡಿ ನಿಂತರೆ ಬಾಡಿಗೆಯೂ ಇಲ್ಲ. ಮೊದಲು ಲೈನ್ ನೋಡೋಣ ಎಂದುಕೊಂಡೆ.

ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ. ಗಮನಿಸಬೇಕಾದ್ದು ಇದೇ. ಟ್ಯಾಂಕಿನ ಡೀಸೆಲನ್ನು ಎಳೆದು ಮುಂದಕ್ಕೆ ಕಳಿಸುವುದು ಫೀಡ್ ಪಂಪ್; ಟ್ಯಾಂಕಿನಿಂದ ಅಲ್ಲಿಯವರೆಗಿನ ಲೈನಿನಲ್ಲಿ ಡೀಸೆಲನ್ನು ಪಂಪ್ ಎಳೆದುಕೊಳ್ಳುತ್ತದೆ. ಆ ಲೈನಿನಲ್ಲಿ ಸಂದು ಬಿಟ್ಟರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಗಾಡಿ ನಿಂತಾಗ ಲೈನಿನ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತದೆ.

ಫೀಡ್ ಪಂಪಿನ ಮುಂಚೆ ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪಿನ ತುಂಡು ಸಿಕ್ಕಿಸಿದೆ. ರೇಸ್ ಕೊಟ್ಟ ಕೂಡಲೇ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಆ ತುಂಡನ್ನೇ ಒಂದೊಂದು ಜಾಯಿಂಟ್ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹಾಕುತ್ತಾ ಹೋದೆ. ನೀರು ಬೇರ್ಪಡಿಸುವ ಫಿಲ್ಟರ್ ಆದ ಮೇಲೆ ಗುಳ್ಳೆ ಇದೆ, ಅದಕ್ಕೂ ಮುಂಚೆ ಇಲ್ಲ. ಬಿಚ್ಚಿ ನೋಡಿದರೆ ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸುವ, ಒಳಗೆ ಡೀಸೆಲ್ ಹರಿಯಲು ತೂತಿರುವ ಬೋಲ್ಟ್) ತಾಮ್ರದ ವಾಷರ್ ಗಟ್ಟಿಯಾಗಿ, ಮೇಲೆ ಕೂದಲೆಳೆಯಷ್ಟು ಗೀರು. ಎರಡೂ ಬದಿ ಹೊಸ ವಾಷರ್ ಹಾಕಿ, ಟೈಟ್ ಮಾಡಿ, ಏರ್ ತೆಗೆದೆ. ಈಗ ಸೆಲ್ಫ್ ಒಂದು ಸಲ ಹೊಡೆದರೆ ಸ್ಟಾರ್ಟ್. ಘಾಟಿಯಲ್ಲೂ ಎಳೆತ ಚೆನ್ನಾಗಿದೆ.

ದಾರಿಯಲ್ಲಿ ಹೊಸ ವಾಷರ್ ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತದೆ. ಗೀರು ಬಿದ್ದಿದ್ದರೆ ಬೇಡ. ಪ್ಲಾಸ್ಟಿಕ್ ತುಂಡನ್ನು ಮಾತ್ರ ಟೆಸ್ಟ್ ಮುಗಿದ ಕೂಡಲೇ ತೆಗೆಯಿರಿ, ಇಂಜಿನ್ ಬಿಸಿಗೆ ಅದು ತಡೆಯುವುದಿಲ್ಲ.