ಏಜೆಂಟ್ ಇಲ್ಲದೆ 14 ಜನ: ವಾಲ್ಡ್‌ಕಿರ್ಖ್ ಆರ್ಗನ್ ಹಬ್ಬಕ್ಕೆ ನಾವು ಹೋಗಿಬಂದ ಬಗೆ

"ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ಮಂದಿ ಅರವತ್ತು ದಾಟಿದವರು. ಏಜೆಂಟ್ ಇಲ್ಲದೆ ಜರ್ಮನಿಗಾ? ಆಗಲ್ಲ ಬಿಡಿ." ನಮ್ಮ ಗ್ರಾಮಫೋನ್ ಗುಂಪಿನ ಗೆಳೆಯರೇ ಹೀಗಂದಿದ್ದರು. ಆಯಿತು. ಮಂಡಿನೋವಿನವರೂ ಸೇರಿ ಎಲ್ಲರೂ ಖುಷಿಯಾಗಿ ಹೋಗಿಬಂದೆವು. ಹೋದದ್ದು ಬ್ಲ್ಯಾಕ್ ಫಾರೆಸ್ಟ್ ಅನ್ನುವ ಕಾಡುಸೀಮೆಯ ವಾಲ್ಡ್‌ಕಿರ್ಖ್ ಊರಿಗೆ, ಕೊಳವೆಗೆ ಗಾಳಿ ಹೊಕ್ಕು ನುಡಿಯುವ ಆರ್ಗನ್ ವಾದ್ಯಗಳ ಹಬ್ಬಕ್ಕೆ.

ಮೊದಲ ಸಲ ಪ್ಲಾನ್ ಕೆಟ್ಟದ್ದನ್ನೂ ಹೇಳಬೇಕು. ಆಗ ಒಬ್ಬ ಏಜೆಂಟರಿಗೆ ತಲೆಗೆ ಸುಮಾರು 20 ಸಾವಿರ ಮುಂಗಡ ಕೊಟ್ಟಿದ್ದೆವು. ಅವರು ಆರು ದಿನಕ್ಕೆ ಐದು ಊರು ಹಾಕಿದರು. ಹಬ್ಬದ ಊರಿಗೆ ಅರ್ಧ ದಿನ! ಬೇಡ ಅಂದಾಗ ಅರ್ಧ ದುಡ್ಡು ಮಾತ್ರ ವಾಪಸ್ ಬಂತು. ಈ ಹಬ್ಬ ನಡೆಯುವುದೇ ಮೂರು ವರ್ಷಕ್ಕೊಮ್ಮೆ. ಮತ್ತೆ ಕಾದೆವು.

ಈ ಸಲ ಒಂದೇ ಕಡೆ ಬಿಡಾರ, ಏಳು ರಾತ್ರಿ. ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಕೋನುಸ್ ಗೆಸ್ಟ್ ಕಾರ್ಡ್ ಕೊಡುವ ಮನೆಗಳಿವೆ. ಕಾರ್ಡ್ ಇದ್ದರೆ ಲೋಕಲ್ ರೈಲು, ಬಸ್ಸು ಪುಕ್ಕಟೆ. ಹತ್ತಿರದ ದೊಡ್ಡ ಊರು ಫ್ರೈಬುರ್ಗ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. 14 ಜನರನ್ನು ಐದು, ಐದು, ನಾಲ್ಕು ಅಂತ ಒಡೆದು ಗುಂಪಿಗೊಬ್ಬರನ್ನು ಮುಂದಾಳು ಮಾಡಿದೆ. ಒಬ್ಬರು ಟಾಯ್ಲೆಟ್‌ಗೆ ಹೋದರೆ ಹದಿಮೂರು ಜನ ಕಾಯುವ ಕಾಟ ತಪ್ಪಿತು. ಹಬ್ಬದ ವಾರ ರೂಮು ಹೇಗೆ ಸಿಕ್ಕಿತು ಅನ್ನುವುದು ಮಾತ್ರ ನನ್ನ ಹತ್ರವೇ ಇರಲಿ.

ಖರ್ಚು ತಲೆಗೆ 1.7 ಲಕ್ಷದ ಆಸುಪಾಸು. ವಿಮಾನಕ್ಕೆ 75, ರೂಮಿಗೆ 45, ವೀಸಾ ಮತ್ತು ಇನ್ಶೂರೆನ್ಸ್‌ಗೆ 14 ಸಾವಿರ, ಉಳಿದದ್ದು ಊಟ, ದೂರದ ರೈಲು. ಎಡವಿದ್ದು ಭಾನುವಾರ. ಅಂಗಡಿಗಳೆಲ್ಲ ಬಂದ್, ಮೊಸರಿಲ್ಲ. ಗೊಜ್ಜವಲಕ್ಕಿ ಕಾಪಾಡಿತು. ತುಪ್ಪ ಮಾತ್ರ ಒಯ್ಯಬೇಡಿ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ನಮ್ಮದು ಎರಡು ಡಬ್ಬಿ ಹೋಯಿತು.

ವಾಲ್ಡ್‌ಕಿರ್ಖ್ 1799ರಿಂದ ಆರ್ಗನ್ ಕಟ್ಟುತ್ತಿರುವ ಊರು. ಬ್ರೂಡರ್, ರೂತ್ ಮನೆತನದವರ ವಾದ್ಯಗಳು ಬೀದಿಯಲ್ಲೇ ನುಡಿಯುತ್ತವೆ. ಒಂದರ ಹಿಂದೆ ನಾನು ಒಂದು ಗಂಟೆ ನಿಂತೆ. ಮಡಿಕೆ ಮಡಿಕೆಯಾದ ರಟ್ಟಿನ ಪುಸ್ತಕ ಒಂದು ಕಡೆಯಿಂದ ಬಿಚ್ಚಿಕೊಂಡು ಒಳಗೆ ಹೋಗುತ್ತದೆ. ತೂತು ಬಂದ ಕಡೆ ಸಣ್ಣ ಲೋಹದ ಕೀಲಿ ಟಕ್ ಅಂತ ಮೇಲೇಳುತ್ತದೆ, ಗಾಳಿ ಕೊಳವೆಗೆ ನುಗ್ಗುತ್ತದೆ. ರಟ್ಟು ಆಚೆ ಕಡೆ ತಾನೇ ಮಡಚಿ ಕೂರುತ್ತದೆ. ರೆಕಾರ್ಡಿಂಗ್‌ನಲ್ಲಿ ಈ ಟಕ್‌ಟಕ್ ಕೇಳಿಸುವುದೇ ಇಲ್ಲ! ದೊಡ್ಡ ಡ್ರಮ್ಮಿನ ಪೆಟ್ಟು ಎದೆಗೇ ಬಡಿಯುತ್ತದೆ.

ನಾನೂ ಒಂದು ಪ್ರಯೋಗ ಒಯ್ದಿದ್ದೆ. 15 ಸ್ವರದ ಪುಟ್ಟ ಮ್ಯೂಸಿಕ್ ಬಾಕ್ಸ್, ತೂತು ಕೊರೆದ ಕಾಗದದ ಪಟ್ಟಿ ಹಾಕಿ ಹಿಡಿ ತಿರುಗಿಸಿದರೆ ನುಡಿಯುವ ಪೆಟ್ಟಿಗೆ. ಅದರಲ್ಲಿರುವುದು ಪಾಶ್ಚಾತ್ಯರ ಸಿ ಮೇಜರ್ ಶ್ರೇಣಿಯ ಸ್ವರಗಳು ಮಾತ್ರ. ಹಾಗಾಗಿ ಮಾಯಾಮಾಳವಗೌಳದ ಸರಳೆ ಕೂರಲ್ಲ, ಶಂಕರಾಭರಣ, ಮೋಹನ ಕೂರುತ್ತವೆ. ಮೋಹನದ ಪಟ್ಟಿ ಕೊರೆಯುವಾಗ ನಾಲ್ಕು ಹಾಳಾದವು. ಒಂದೇ ಸ್ವರಕ್ಕೆ ತೂತುಗಳು ಹತ್ತಿರ ಬಂದರೆ ಎರಡನೆಯದು ನುಡಿಯುವುದೇ ಇಲ್ಲ. ಎಷ್ಟು ಅಂತರ ಬಿಡಬೇಕು ಅಂತ ನೀವೇ ಕೊರೆದು ನೋಡಿ, ಪೆಟ್ಟಿಗೆಗೊಂದು ಲೆಕ್ಕ. ಐದನೇ ಪಟ್ಟಿಯನ್ನು ಬೀದಿಯಲ್ಲೇ ತಿರುಗಿಸಿದೆ. ಪಕ್ಕದ ಆರ್ಗನ್ನಿನ ಅಜ್ಜ ತನ್ನದನ್ನು ನಿಲ್ಲಿಸಿ ಪೂರ್ತಿ ಕೇಳಿದರು, ಇನ್ನೊಂದ್ಸಲ ಅಂತ ಬೆರಳೆತ್ತಿದರು. ಆಮೇಲೆ ನಮ್ಮ 72 ವರ್ಷದ ಮೇಷ್ಟ್ರ ಕೈಗೆ ತಮ್ಮ ಆರ್ಗನ್ನಿನ ಹಿಡಿಯನ್ನೇ ಕೊಟ್ಟರು.

ಮುಂದಿನ ಹಬ್ಬಕ್ಕೆ 30 ಸ್ವರದ ಪೆಟ್ಟಿಗೆ ಒಯ್ಯುತ್ತೇನೆ. ಆಗಲೇ 11 ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಇಬ್ಬರು ಅಂದು "ಆಗಲ್ಲ" ಅಂದವರು.