ಫೋನಿಗೆ ಅಕ್ಕಿ, ರಿಮೋಟಿಗೆ ಏಟು

ಮೊಬೈಲ್ ಒದ್ದೆಯಾದರೆ ನಮ್ಮ ಮನೆಯ ಹುಡುಗ ಹುಡುಗಿಯರ ಕಣ್ಣು ಮೊದಲು ಬೀಳುವುದು ನನ್ನ ಅಕ್ಕಿ ಡಬ್ಬಿಯ ಮೇಲೆ. ಒಂದು ಮಾತು ಕೇಳುವುದೂ ಇಲ್ಲ, ಮುಚ್ಚಳ ತೆಗೆದು ಫೋನನ್ನು ಹೂತುಬಿಡುತ್ತಾರೆ. ಒಳಗಿನ ನೀರನ್ನು ಅಕ್ಕಿ ಹೀರಿಕೊಳ್ಳುತ್ತದೆ ಎಂದು ಯಾರೋ ಅರ್ಧ ನಿಮಿಷದ ವಿಡಿಯೊದಲ್ಲಿ ಹೇಳಿದ್ದನ್ನು ವೇದವಾಕ್ಯವೆಂದು ನಂಬುವ ಇವರು, ಅಕ್ಕಿ ತೊಳೆದ ನೀರು ಬೆಳ್ಳಗಾಗುವುದು ಏಕೆ ಎಂದು ಒಂದು ದಿನವಾದರೂ ಯೋಚಿಸಿದ್ದಾರೆಯೇ? ಅಕ್ಕಿಯ ಮೈಯೆಲ್ಲ ಹಿಟ್ಟು. ಅದು ಚಾರ್ಜಿಂಗ್ ತೂತಿನೊಳಗೆ ಹೋಗಿ ಅಲ್ಲಿರುವ ತೇವದ ಜೊತೆ ಕಲೆತರೆ ಅಂಟಾಗುತ್ತದೆ. ನುಚ್ಚಿನ ಚೂರೊಂದು ಸಿಕ್ಕಿಕೊಂಡರೆ ಮುಗಿದೇ ಹೋಯಿತು. ಐಫೋನ್ ತಯಾರಿಸುವ ಆಪಲ್‌ನವರೇ 2024ರಲ್ಲಿ, ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅಕ್ಕಿಯ ಕಣಗಳಿಂದ ಹಾಳಾದೀತು ಎಂದು ಸ್ಪಷ್ಟವಾಗಿ ಹೇಳಿದರು. ನಾನು ಅದಕ್ಕೂ ಮೊದಲಿನಿಂದ ಬಡಿದುಕೊಳ್ಳುತ್ತಿದ್ದೆ. ಅಜ್ಜಿಯ ಮಾತಿಗೆ ಬೆಲೆ ಬರಬೇಕಾದರೆ ಅಮೆರಿಕದಿಂದ ಮುದ್ರೆ ಬೀಳಬೇಕು.

ಫೋನು ನೀರಿಗೆ ಬಿದ್ದರೆ ಮೊದಲು ಆಫ್ ಮಾಡಿ. ‘ಬರುತ್ತದೆಯೋ ಇಲ್ಲವೋ’ ಎಂದು ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ಹಳೆಯ ಪಂಚೆಯ ತುಂಡಿನಿಂದ ಒರೆಸಿ, ತೂತು ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ನೆರಳಿನಲ್ಲಿ ಒರಗಿಸಿಡಿ. ಫ್ಯಾನಿನ ಎದುರಾದರೆ ಒಳ್ಳೆಯದು. ಒಂದು ರಾತ್ರಿ ಕಾಯುವ ತಾಳ್ಮೆ ಬೇಕು, ಅಷ್ಟೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬೇಡ, ಒಲೆಯ ಪಕ್ಕ ಬೇಡ. ಸಾಂಬಾರಿಗೋ ಸಮುದ್ರದ ನೀರಿಗೋ ಬಿದ್ದಿದ್ದರೆ ಮನೆಮದ್ದು ನಡೆಯುವುದಿಲ್ಲ, ರಿಪೇರಿಯವನ ಬಳಿಗೆ ಹೋಗಿ. ಅಕ್ಕಿಯ ಮಾತು ಬಂತೆಂದು ಇನ್ನೊಂದು ಹೇಳಿಬಿಡುತ್ತೇನೆ. ಹುಳ ಬಿತ್ತೆಂದು ಅಕ್ಕಿಯನ್ನು ಸುಡುಬಿಸಿಲಿಗೆ ಹರವುತ್ತೀರಲ್ಲ, ಹುಳವೇನೋ ಓಡುತ್ತದೆ, ಆದರೆ ಕಾಳು ಸೀಳುಬಿಟ್ಟು ಅನ್ನ ನುಚ್ಚುನುಚ್ಚಾಗುತ್ತದೆ. ನೆರಳಿನಲ್ಲಿ ಹರವಿ, ಕೇರಿ, ಒಣಗಿದ ಬೇವಿನೆಲೆ ಹಾಕಿಡಿ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ‘ಚಾರ್ಜರ್ ನಿಲ್ಲುತ್ತಿಲ್ಲ, ಅಲ್ಲಾಡಿಸಿದರೆ ಮಾತ್ರ ಹತ್ತುತ್ತದೆ’ ಎಂದು ಹೊಸ ಕೇಬಲ್ ತರುತ್ತಾರೆ. ಅದೂ ಹಾಗೆಯೇ ಆದಾಗ ಇನ್ನೊಂದು. ಕೊನೆಗೆ ಫೋನೇ ಹಳೆಯದಾಯಿತೆಂದು ಹೊಸದಕ್ಕೆ ಕಂತು ಕಟ್ಟಲು ಹೊರಡುತ್ತಾರೆ. ತೂತಿನೊಳಗೆ ಬೆಳಕು ಬಿಟ್ಟು ಯಾರೂ ನೋಡುವುದಿಲ್ಲ. ಜೇಬಿನ, ಕೈಚೀಲದ ನೂಲಿನ ಜುಂಗು ದಿನಾ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತದೆ. ಪ್ರತಿ ಸಲ ಚಾರ್ಜರ್ ಚುಚ್ಚಿದಾಗಲೂ ಅದನ್ನು ಹಿಂಬದಿಯ ಗೋಡೆಗೆ ಒತ್ತಿ ಒತ್ತಿ ಕಂಬಳಿಯ ಹಾಗೆ ಗಟ್ಟಿ ಮಾಡುತ್ತೀರಿ. ಆಮೇಲೆ ಚಾರ್ಜರಿನ ಮೂತಿ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ, ಒಳಗಿನ ಪಿನ್ನಿಗೆ ತಾಗುವುದಿಲ್ಲ.

ಇದಕ್ಕೆ ಬೇಕಾದದ್ದು ಹಿಡಿಕಡ್ಡಿಯ ಒಂದೇ ಒಂದು ಕಡ್ಡಿ. ತೆಂಗಿನ ಗರಿಯದು, ಚೆನ್ನಾಗಿ ಒಣಗಿದ್ದು, ಅಂಗಳ ಗುಡಿಸದೆ ಇರುವ ಹೊಸದು. ಹಲ್ಲುಕಡ್ಡಿಯೂ ಆಗುತ್ತದೆ, ಆದರೆ ಅದರ ತುದಿ ಒಳಗೇ ಮುರಿದು ಕೂತರೆ ಒಂದು ಹೋಗಿ ಎರಡಾಯಿತು. ತೆಂಗಿನ ಕಡ್ಡಿ ಬಳುಕುತ್ತದೆ, ಮುರಿಯುವುದಿಲ್ಲ. ಅದರ ತುದಿಯ ಭಾಗ ತೀರಾ ಮೆತ್ತಗೆ, ಬುಡ ತೀರಾ ದಪ್ಪ. ನಡುವಿನಿಂದ ಗೇಣುದ್ದ ಕತ್ತರಿಸಿಕೊಳ್ಳಿ. ಬ್ಲೇಡಿನಿಂದ ಎರಡೂ ಕಡೆ ಹೆರೆದು ತುದಿಯನ್ನು ಚಪ್ಪಟೆ ಮಾಡಿ. ಚೂಪು ಮಾಡಬೇಡಿ, ಚಪ್ಪಟೆ ಎಂದೆ. ಈಗಿನ ಸಿ ಮಾದರಿಯ ತೂತಿನ ನಡುವೆ ತೆಳ್ಳನೆಯ ನಾಲಗೆಯೊಂದಿದೆ, ಪಿನ್ನುಗಳಿರುವುದು ಅದರ ಮೇಲೆ ಕೆಳಗೆ. ನಾಲಗೆಯ ಎರಡೂ ಬದಿಗೆ ಒಂದು ಮಿಲಿಮೀಟರಿನಷ್ಟೂ ಜಾಗವಿಲ್ಲ. ಕಡ್ಡಿ ಅಲ್ಲಿ ಹಾಯಬೇಕಾದರೆ ಉಗುರಿನಷ್ಟು ತೆಳ್ಳಗಾಗಬೇಕು. ಹೆರೆದಾದ ಮೇಲೆ ತುದಿಯನ್ನು ಬೆರಳಿನಲ್ಲಿ ಸವರಿ ನೋಡಿ, ಸಿಬಿರು ಎದ್ದಿದ್ದರೆ ತೆಗೆಯಿರಿ.

ಫೋನು ಆಫ್ ಆಗಿರಬೇಕು, ಪೂರ್ತಿ ಒಣಗಿರಬೇಕು. ಒದ್ದೆ ತೂತಿಗೆ ಏನನ್ನೂ ತುರುಕಬಾರದು. ತೂತು ಕೆಳಮುಖವಾಗಿರಲಿ, ಎದ್ದ ಕಸ ಹೊರಗೆ ಉದುರುತ್ತದೆ. ಇನ್ನೊಂದು ಫೋನಿನ ಟಾರ್ಚ್ ಹಿಡಿಯಲು ಮೊಮ್ಮಕ್ಕಳನ್ನು ಕೂರಿಸಿಕೊಳ್ಳಿ, ಅವರೂ ಕಲಿಯಲಿ. ಕಡ್ಡಿಯನ್ನು ಮೊದಲು ಕಿರಿದಾದ ಪಕ್ಕದ ಗೋಡೆಗೆ ತಾಗಿಸಿಕೊಂಡೇ ಒಳಗೆ ಬಿಡಿ. ಹಿಂಬದಿ ಮುಟ್ಟಿದಾಗ ಕೈಗೆ ಗಟ್ಟಿ ಲೋಹ ತಾಗಿದಂತಾಗದೆ ಮೆತ್ತಗೆ ಹಿಸುಕಿದಂತಾದರೆ ಅದೇ ಜುಂಗು. ಅಲ್ಲಿಂದ ಹೊರಗೆ ಎಳೆಯಬೇಕು, ಒಳಗೆ ನೂಕಬಾರದು. ನಾಲಗೆಯನ್ನು ಮೀಟಬೇಡಿ, ಅದು ಮುರಿದರೆ ದುಡ್ಡು ಕಕ್ಕಬೇಕಾಗುತ್ತದೆ. ಮೊದಲು ಧೂಳು ಉದುರುತ್ತದೆ. ಬಿಡದೆ ಇನ್ನೊಂದು ಪಕ್ಕದಿಂದಲೂ ಎಳೆದರೆ ಬೂದು ಬಣ್ಣದ ಚಪ್ಪಟೆ ಬಿಲ್ಲೆಯಂಥದ್ದು ಇಡಿಯಾಗಿ ಕಳಚಿಕೊಂಡು ಬರುತ್ತದೆ. ಆಮೇಲೆ ಚಾರ್ಜರ್ ಹಾಕಿ ನೋಡಿ, ‘ಟಕ್’ ಎಂದು ಕೂರುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ. ಸೇಫ್ಟಿ ಪಿನ್ ತೆಗೆದುಕೊಂಡವರ ಕೈಗೆ ಮಾತ್ರ ನಾನು ನಿಜಕ್ಕೂ ಏಟು ಕೊಡುತ್ತೇನೆ. ಲೋಹಕ್ಕೆ ಲೋಹ ತಾಗಿಸುತ್ತೀರಾ? ಆಫ್ ಮಾಡಿದ ಫೋನಿನಲ್ಲೂ ಬ್ಯಾಟರಿ ಜೀವಂತವಾಗಿಯೇ ಇರುತ್ತದೆ.

ಸೀಮೆಎಣ್ಣೆಯ ಪಂಪ್ ಸ್ಟೋವ್ ಹಚ್ಚಿದ ಕೈಗಳಿಗೆ ಇದೆಲ್ಲ ಹೊಸದಲ್ಲ. ಅದರ ನಿಪ್ಪಲಿನ ತೂತು ಕಟ್ಟಿಕೊಂಡರೆ ಜ್ವಾಲೆ ಹಳದಿಯಾಗಿ ಪಾತ್ರೆಗೆಲ್ಲ ಮಸಿ. ತಗಡಿನ ಹಿಡಿಯ ತುದಿಗೆ ಕೂದಲಿನಷ್ಟು ತೆಳ್ಳನೆಯ ತಂತಿಯಿದ್ದ ಸ್ಟೋವ್ ಪಿನ್ನು ಅಂಗಡಿಯಲ್ಲಿ ಸಿಗುತ್ತಿತ್ತು. ನಮ್ಮ ಅತ್ತೆಯವರು ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡುತ್ತಿದ್ದರು, ಬೇರೆಯವರು ಮುಟ್ಟುವ ಹಾಗಿರಲಿಲ್ಲ. ನೇರವಾಗಿ ಚುಚ್ಚಿ ನೇರವಾಗಿ ತೆಗೆಯಬೇಕು, ಒಳಗೆ ಮುರಿದರೆ ಆ ಹೊತ್ತಿನ ಅಡುಗೆ ನಿಂತಂತೆಯೇ. ಸ್ಟೋವು ಕೆಟ್ಟಿತೆಂದು ಹೊಸ ಸ್ಟೋವು ತಂದವರನ್ನು ನಾನು ನೋಡಿಲ್ಲ.

ಟಿವಿಯ ರಿಮೋಟನ್ನು ಮಂಚದ ಅಂಚಿಗೆ ಕುಟ್ಟುವುದನ್ನೂ ನಿಲ್ಲಿಸಿ. ಇಂಟರ್‌ನೆಟ್ಟಿನಲ್ಲಿ ಬರುವ ಉಪಾಯಗಳಲ್ಲಿ ನಾನು ಮೆಚ್ಚಿದ್ದು ಇದೊಂದನ್ನು. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯಲ್ಲಿ ನೇರಳೆಯಾಗಿ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾ ಅನೇಕ ಫೋನುಗಳಲ್ಲಿ ಆ ಬೆಳಕನ್ನು ತಡೆಯುತ್ತದೆ, ಅದಕ್ಕೇ ಮುಂದಿನದು. ಮಿನುಗಿದರೆ ರಿಮೋಟಿನ ತಪ್ಪಿಲ್ಲ, ಟಿವಿಯ ಮುಂದೆ ಏನಾದರೂ ಅಡ್ಡ ಇದೆಯೇ ನೋಡಿ. ಮಿನುಗದಿದ್ದರೆ ಸೆಲ್ಲು ಬದಲಿಸಿ, ಸ್ಪ್ರಿಂಗಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಉಜ್ಜಿ ತೆಗೆಯಿರಿ.

ಸೆಲ್ಲನ್ನು ನೆಲಕ್ಕೆ ಬೀಳಿಸಿ, ಪುಟಿದರೆ ಸತ್ತಿದೆ ಎನ್ನುವ ವಿಡಿಯೊ ಕೂಡ ಓಡಾಡುತ್ತಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಪರೀಕ್ಷಿಸಿ ನೋಡಿದಾಗ, ಆಲ್ಕಲೈನ್ ಸೆಲ್ಲು ಅರ್ಧ ಶಕ್ತಿ ಉಳಿದಿರುವಾಗಲೇ ಪೂರ್ತಿ ಪುಟಿಯುತ್ತದೆ ಎಂದು ತಿಳಿಯಿತು. ಪುಟಿದದ್ದನ್ನೆಲ್ಲ ಎಸೆದರೆ ಅರ್ಧ ದುಡ್ಡು ಕಸಕ್ಕೆ. ಅದನ್ನು ಗೋಡೆ ಗಡಿಯಾರಕ್ಕೆ ಹಾಕಿ, ಇನ್ನೂ ಬಹಳ ದಿನ ಓಡುತ್ತದೆ.